ಸಂತೆಯಲ್ಲಿ ಕೂರುವ ಜಾಗ ಯಾರದ್ದು? ನಮ್ಮ ಜಿಲ್ಲೆಯ ಮಾರುವವರು ಮತ್ತು ಮುನ್ಸಿಪಾಲಿಟಿಯ ಹಳೆಯ ಜಗಳಗಳು

ಕೋಡಿಬಾಗದವ:

ಕಾರವಾರ, ಅಂಕೋಲಾ, ಕುಮಟಾ, ಶಿರಸಿ ಕಡೆಯ ಹಳೆ ಸಂತೆ, ಮೀನುಪೇಟೆಗಳ ವಿಷಯ ಓದುತ್ತಿದ್ದೇನೆ. ಹಿರಿಯರು ಸಿಕ್ಕಿದಲ್ಲಿ ಕೇಳುತ್ತಲೂ ಇದ್ದೇನೆ. ಮಾರುವವರಿಗೂ ಊರಾಡಳಿತಕ್ಕೂ ಹಿಂದಿನಿಂದ ಆಗುತ್ತಾ ಬಂದ ತಿಕ್ಕಾಟದ ಬಗ್ಗೆ ಇಲ್ಲಿ ಮಾತಾಡೋಣ.

ಈ ಮಾತು ಬಂದಾಗ ಎಲ್ಲರೂ ಹೇಳುವುದು ಒಂದೇ: "ಸುಂಕ ಏರಿಸಿದರು, ಗಲಾಟೆ ಆಯ್ತು." ನನಗೆ ಅದು ಅರ್ಧ ಮಾತು ಅನ್ನಿಸುತ್ತದೆ. ಸುಂಕ ಕೊಡಲು ನಮ್ಮ ಮಂದಿ ತಯಾರೇ ಇದ್ದರು. ಸೆರಗಿನ ಗಂಟಿನಲ್ಲಿ ಅದಕ್ಕೆಂದೇ ಚಿಲ್ಲರೆ ಕಟ್ಟಿಕೊಂಡು ಬರುತ್ತಿದ್ದರು. ನಾಳೆಯೂ ಇದೇ ಜಾಗ ನನಗೆ ಸಿಗುತ್ತದೆ ಎನ್ನುವ ಖಾತ್ರಿ ಅವರಿಗೆ ಬೇಕಿತ್ತು. ಆ ಖಾತ್ರಿಯನ್ನು ಮಾತ್ರ ಯಾರೂ ಕೊಡಲಿಲ್ಲ.

ಹಿನ್ನೆಲೆ ಸ್ವಲ್ಪ ಹೇಳುತ್ತೇನೆ. ಊರಿನ ರಸ್ತೆ, ಗಟಾರ, ದೀಪ ನೋಡಿಕೊಳ್ಳಲು ಸಮಿತಿ ಮಾಡಬಹುದು ಅಂತ ಬ್ರಿಟಿಷರು ಕಾನೂನು ಮಾಡಿದ್ದು 1850ರಲ್ಲಿ. ನಮ್ಮ ಜಿಲ್ಲೆ ಆಗ ಮದ್ರಾಸ್ ಪ್ರಾಂತ್ಯದ ಕೆನರಾದೊಳಗೆ ಇತ್ತು. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಸೇರಿತು, ಕಾರವಾರ ಜಿಲ್ಲಾ ಕೇಂದ್ರವಾಯಿತು. ಆಮೇಲೆ ಇಲ್ಲಿನ ಊರುಗಳಿಗೆ ಮುಂಬಯಿಯ 1873ರ ಕಾಯಿದೆ, ನಂತರ 1901ರ ಕಾಯಿದೆ ನಡೆಯಿತು. ಪೇಟೆ ಕಟ್ಟುವುದು, ಪೇಟೆಯಲ್ಲಿ ಬಾಡಿಗೆ ಎತ್ತುವುದು, ಎಲ್ಲಿ ಮೀನು ಮಾಂಸ ಮಾರಬೇಕು ಅಂತ ಹೇಳುವುದು ಎಲ್ಲ ಮುನ್ಸಿಪಾಲಿಟಿಯ ಕೈಗೆ ಬಂತು. ಅದಕ್ಕೂ ಮುಂಚೆ ಸಂತೆ ನಡೆಯುತ್ತಿದ್ದದ್ದು ದೇವಸ್ಥಾನದ ಬಯಲಲ್ಲಿ, ಬಂದರದ ದಂಡೆಯಲ್ಲಿ, ದಾರಿ ಕೂಡುವ ಕಡೆ. ಅಲ್ಲಿ ಯಾರು ಎಲ್ಲಿ ಕೂರಬೇಕು ಅನ್ನುವುದು ವಾಡಿಕೆಯಿಂದ ತೀರ್ಮಾನವಾಗುತ್ತಿತ್ತು. ಅತ್ತೆ ಕೂತ ಜಾಗದಲ್ಲಿ ಸೊಸೆ ಕೂರುತ್ತಿದ್ದಳು. ಕಾನೂನಿನ ಪುಸ್ತಕಕ್ಕೆ ಈ ವಾಡಿಕೆ ಗೊತ್ತಿರಲಿಲ್ಲ.

ಎರಡನೆಯದು ಲಿಲಾವು, ಅಂದರೆ ಹರಾಜು. ಮುನ್ಸಿಪಾಲಿಟಿ ತಾನೇ ಕೂತು ಸಂತೆಯ ಸುಂಕ ಎತ್ತುತ್ತಿರಲಿಲ್ಲ. ವರ್ಷಕ್ಕೊಮ್ಮೆ ವಸೂಲಿಯ ಹಕ್ಕನ್ನೇ ಲಿಲಾವು ಮಾಡುತ್ತಿತ್ತು. ಹೆಚ್ಚು ಕೂಗಿದವನಿಗೆ ಕಂತ್ರಾಟು. ಅವನು ದುಡ್ಡು ಕಟ್ಟಿ, ಮಾರ್ಚ್ ಮುಗಿಯುವುದರೊಳಗೆ ಹಾಕಿದ್ದನ್ನೂ ಲಾಭವನ್ನೂ ಎತ್ತಿಕೊಳ್ಳಬೇಕು. ಈ ಪದ್ಧತಿ ಇವತ್ತಿಗೂ ಎಷ್ಟೋ ಊರುಗಳಲ್ಲಿ ಇದೆ. ಹಾಗಾಗಿ ಮಾರುವವಳ ಕಣ್ಣಿಗೆ ಮುನ್ಸಿಪಾಲಿಟಿ ಅಂದರೆ ಕಂತ್ರಾಟುದಾರನ ಆಳು. ಅವನ ಹತ್ತಿರ ಜಾಗದ ತಕರಾರು ಹೇಳಿದರೆ "ಕಚೇರಿಗೆ ಹೋಗಿ" ಅನ್ನುತ್ತಾನೆ. ಕಚೇರಿಗೆ ಹೋದರೆ "ವಸೂಲಿ ಕೊಟ್ಟಾಗಿದೆ, ಅವರನ್ನೇ ಕೇಳಿ" ಅನ್ನುತ್ತಾರೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಅಂತ ಗಾದೆಯೇ ಇದೆಯಲ್ಲ.

ನಿಮ್ಮ ಊರಲ್ಲಿ ಏನಾಗಿತ್ತು, ಹೇಳಿ. ಮನೆಯಲ್ಲಿ ಹಳೆ ಪಾವತಿ ಚೀಟಿ ಇದ್ದರೆ ಅದರ ಬಗ್ಗೆಯೂ ಬರೆಯಿರಿ.

ಬೇಲೆಕೇರಿ ಹುಡುಗಿ:

ಅಣ್ಣ, ನೀವು ಬರೆದದ್ದು ಓದಿ ನಮ್ಮ ಆಯಿಯ ನೆನಪಾಯಿತು. ನಮ್ಮದು ಮೀನುಗಾರರ ಮನೆ. ಆಯಿ ಬಸ್ಸು ಹಿಡಿದು ಹತ್ತಿರದ ಪೇಟೆಗೆ ಹೋಗಿ ಮೀನು ಮಾರುತ್ತಿದ್ದಳು. ಊರಿನ ಹೆಸರು ಬೇಡ.

ಅವಳ ಜಾಗ ಒಂದು ಹಳೆ ಅಂಗಡಿಯ ಮಾಡಿನ ಕೆಳಗೆ. ಹಂಚಿನ ಮಾಡು ಒಂದೂವರೆ ಮಾರು ಮುಂದೆ ಚಾಚಿತ್ತು, ಮಳೆಗಾಲದಲ್ಲಿ ಹೆಡಿಗೆ ನೆನೆಯುತ್ತಿರಲಿಲ್ಲ. ಮೇಲಿನ ಊರುಗಳಿಂದ ಬರುವ ಬಸ್ಸು ಎದುರಿಗೇ ನಿಲ್ಲುತ್ತಿತ್ತು. ಇಳಿದವರಿಗೆ ಮೊದಲು ಕಾಣುವುದು ಆಯಿಯ ಹೆಡಿಗೆ. "ಬಾಯಿ, ನೋಗ್ಲಿ ಇದೆಯಾ?" ಅಂತ ಕೇಳುತ್ತಲೇ ಬರುವ ಖಾಯಂ ಗಿರಾಕಿಗಳು ಇದ್ದರು. ಅವರಲ್ಲಿ ಅರ್ಧದಷ್ಟು ಮಂದಿಗೆ ಆಯಿಯ ಹೆಸರೇ ಗೊತ್ತಿರಲಿಲ್ಲ, ಜಾಗ ಗೊತ್ತಿತ್ತು. ಉದ್ರಿ ಹೇಳಿ ಹೋದವರು ಮರುವಾರ ಅಲ್ಲಿಗೇ ಬಂದು ಕೊಟ್ಟು ಹೋಗುತ್ತಿದ್ದರು.

ಆಮೇಲೆ ಊರಲ್ಲಿ ಹೊಸ ಮೀನುಪೇಟೆ ಕಟ್ಟಿದರು. ರಸ್ತೆ ಬದಿ ಯಾರೂ ಕೂರಬಾರದು ಅಂದರು. ಒಳಗಿನ ಜಾಗಕ್ಕೆ ಚೀಟಿ ಎತ್ತಿದರು, ಆಯಿಗೆ ಹಿಂದಿನ ಸಾಲು ಬಂತು. ಮುಂದಿನ ಸಾಲು ದಾಟಿ ಹಿಂದಕ್ಕೆ ಬರುವಷ್ಟರಲ್ಲಿ ಗಿರಾಕಿಯ ಚೀಲ ತುಂಬಿರುತ್ತದೆ, ಅಲ್ವಾ? ಕಟ್ಟೆಯನ್ನು ಕಟ್ಟಿದವರು ಸೊಂಟದ ಎತ್ತರಕ್ಕೆ ಕಟ್ಟಿದ್ದರು. ನಮ್ಮವರು ಮೀನು ಕೊಯ್ಯುವುದು ನೆಲದ ಮೇಲೆ ಈಳಿಗೆ ಇಟ್ಟು, ಕಾಲಲ್ಲಿ ಒತ್ತಿ ಹಿಡಿದು. ಆ ಕಟ್ಟೆ ಹತ್ತಿ ಕೂತರೆ ಗಿರಾಕಿಯ ಮುಖದ ಹತ್ತಿರ ಈಳಿಗೆ ಬರುತ್ತದೆ. ಕೆಳಗೆ ಕೂತರೆ ಮೀನು ಮೇಲೆ, ಮಾರುವವಳು ಕೆಳಗೆ. ತೊಳೆದ ನೀರು ಹೋಗಲು ಇಳಿಜಾರು ಸರಿ ಇಲ್ಲದೆ ಹಿಂದಿನ ಸಾಲಿನಲ್ಲೇ ನಿಲ್ಲುತ್ತಿತ್ತು. ಕಟ್ಟುವ ಮುಂಚೆ ಒಬ್ಬ ಮೀನಿನ ಹೆಂಗಸನ್ನೂ ಕೇಳಿರಲಿಲ್ಲ.

ನಾಲ್ಕೈದು ಮಂದಿ ಮತ್ತೆ ಹಳೆ ಜಾಗಕ್ಕೆ ಹೋಗಿ ಕೂತರು. ಮುನ್ಸಿಪಾಲಿಟಿಯವರು ಬಂದು ಹೆಡಿಗೆ ಎತ್ತಿಕೊಂಡು ಹೋದರು. ಮರುದಿನ ದಂಡ ಕಟ್ಟಿ ಬಿಡಿಸಿಕೊಂಡಾಗ ಮೀನು ಮಾರುವ ಹಾಗೆ ಇರಲಿಲ್ಲ. ಆಯಿ ದಂಡದ ಬಗ್ಗೆ ಒಂದು ದಿನವೂ ಮಾತಾಡಲಿಲ್ಲ. ಮೀನು ಕೊಳೆಸಿದರು ಅನ್ನುವುದನ್ನು ಸಾಯುವ ತನಕ ಹೇಳಿದಳು.

ಘಟ್ಟದ ಮೇಲಿನವ:

ಅಕ್ಕ, ಕಟ್ಟೆಯ ವಿಷಯ ಓದಿ ಹೊಟ್ಟೆ ಉರಿಯಿತು. ಒಂದು ಸಲ ಕೇಳಿದ್ದರೆ ಸಾಕಿತ್ತು.

ನಿವೃತ್ತ ಕಾರಕೂನ:

ನಾನು ಬೇರೆ ಬೇರೆ ಊರಿನ ಪುರಸಭೆಗಳಲ್ಲಿ ಕೆಲಸ ಮಾಡಿದವನು. ಕಚೇರಿಯ ಕಡೆಯ ಮಾತನ್ನೂ ಯಾರಾದರೂ ಹೇಳಬೇಕು, ಅದಕ್ಕೇ ಬರೆಯುತ್ತಿದ್ದೇನೆ. ತಂಗಿ, ನಿನ್ನ ಆಯಿಗೆ ಆದದ್ದು ಅನ್ಯಾಯ. ಅದನ್ನು ನಾನು ಸಮರ್ಥಿಸುವುದಿಲ್ಲ.

ಆದರೆ ಮೀನು ಮಾಂಸವನ್ನು ಒಂದು ಕಟ್ಟಡದೊಳಗೆ ತರಬೇಕು ಅನ್ನುವ ಹಟ ಸುಮ್ನೆ ಹುಟ್ಟಲಿಲ್ಲ. ವಾಂತಿಭೇದಿ ಬಂದರೆ ಊರಿಗೆ ಊರೇ ಖಾಲಿಯಾಗುವ ಕಾಲ ಅದು. 1896ರಲ್ಲಿ ಮುಂಬಯಿಗೆ ಪ್ಲೇಗ್ ಬಂತು, 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಬಂತು. ಜನ ಸೇರುವ ಕಡೆಯನ್ನೆಲ್ಲ ಅನುಮಾನದಿಂದ ನೋಡುವ ಅಭ್ಯಾಸ ಆಡಳಿತಕ್ಕೆ ಆಗ ಬಲವಾಗಿ ಹತ್ತಿತು. ಕರಾವಳಿಯ ಮಳೆ ನಿಮಗೆಲ್ಲ ಗೊತ್ತು. ರಸ್ತೆ ಬದಿ ಮೀನು ತೊಳೆದ ನೀರು, ಸಿಪ್ಪೆ, ಕರುಳು ಎಲ್ಲ ತೆರೆದ ಗಟಾರಕ್ಕೆ ಬಿದ್ದು ಪಕ್ಕದ ಬಾವಿಗೆ ಇಳಿಯುತ್ತಿತ್ತು. ಮನೆಯವರು ಅರ್ಜಿ ಕೊಡುತ್ತಿದ್ದರು. ಅವರೂ ಊರಿನವರೇ ಅಲ್ವಾ?

ಇನ್ನು ದುಡ್ಡಿನ ಮಾತು. ಹಿಂದೆ ಮುನ್ಸಿಪಾಲಿಟಿಗಳ ದೊಡ್ಡ ಆದಾಯ ಜಕಾತಿ. ಊರಿನ ಬಾಯಲ್ಲಿ ನಾಕಾ ಇರುತ್ತಿತ್ತು. ಬಂಡಿ, ಲಾರಿ ನಿಲ್ಲಿಸಿ ಸಾಮಾನಿನ ಮೇಲೆ ವಸೂಲಿ ಮಾಡುತ್ತಿದ್ದರು. ಕರ್ನಾಟಕದಲ್ಲಿ 1979ರಲ್ಲಿ ಜಕಾತಿ ತೆಗೆದರು, ಅದರ ಬದಲು ರಾಜ್ಯದ ಪ್ರವೇಶ ತೆರಿಗೆ ಬಂತು. ದಿನಾ ಕೈಗೆ ಬರುತ್ತಿದ್ದ ದುಡ್ಡು ನಿಂತು, ಮೇಲಿನಿಂದ ಬರುವ ಅನುದಾನಕ್ಕೆ ಕಾಯುವ ಹಾಗಾಯಿತು. ಆಮೇಲೆ ಸ್ವಂತದ್ದು ಅಂತ ಉಳಿದದ್ದು ಮನೆಪಟ್ಟಿ, ನೀರಿನ ಪಟ್ಟಿ, ಅಂಗಡಿ ಬಾಡಿಗೆ, ಸಂತೆಯ ಲಿಲಾವು. ಮನೆಪಟ್ಟಿ ಏರಿಸಿದರೆ ಸದಸ್ಯರೇ ಬಿಡುವುದಿಲ್ಲ. ಹಾಗಾಗಿ ಪ್ರತಿ ವರ್ಷ ಲಿಲಾವಿನ ಸವಾಲು ಏರಬೇಕು ಅಂತ ಒತ್ತಡ. ಹೋದ ವರ್ಷಕ್ಕಿಂತ ಕಡಿಮೆಗೆ ಬಿಟ್ಟರೆ ಲೆಕ್ಕ ತಪಾಸಣೆಯವರು ಟಿಪ್ಪಣಿ ಹಾಕುತ್ತಾರೆ. ಕಂತ್ರಾಟುದಾರ ಎಲ್ಲಿಂದ ಎತ್ತಬೇಕು? ಹೆಡಿಗೆಯಿಂದಲೇ.

ಕೋಡಿಬಾಗದವ:

ಕಾರಕೂನ್ ಸಾಹೇಬರೇ, ತುಂಬಾ ಉಪಕಾರ. ಒಳಗಿನವರು ಹೇಳದೆ ಇದು ತಿಳಿಯುವುದಿಲ್ಲ. ನಿಮ್ಮ ಮಾತಿನಲ್ಲೇ ಒಂದು ವಿಷಯ ಇದೆ. ಮನೆಪಟ್ಟಿ ಏರಿಸಲು ಸದಸ್ಯರು ಬಿಡುವುದಿಲ್ಲ, ಸಂತೆಯ ಸುಂಕ ಏರಿಸಲು ಬಿಡುತ್ತಾರೆ. ಯಾಕೆ? ಮೊದಲ ಕಾಲದಲ್ಲಿ ಸಮಿತಿಯ ಅಧ್ಯಕ್ಷರು ಸರ್ಕಾರಿ ಅಧಿಕಾರಿಗಳೇ. 1882ರಲ್ಲಿ ವೈಸರಾಯ್ ರಿಪ್ಪನ್ನರ ಸ್ಥಳೀಯ ಆಡಳಿತದ ಠರಾವು ಬಂದ ಮೇಲೆ ಚುನಾಯಿತ ಸದಸ್ಯರಿಗೆ ಹೆಚ್ಚು ಜಾಗ ಸಿಕ್ಕಿತು. ಆದರೆ ಮತ ಯಾರಿಗೆ? ಆಸ್ತಿ ಇದ್ದವರಿಗೆ, ತೆರಿಗೆ ಕಟ್ಟುವವರಿಗೆ, ಓದಿದವರಿಗೆ. ಪಕ್ಕದ ಹಳ್ಳಿಯಿಂದ ಬುಟ್ಟಿ ಹೊತ್ತು ಬರುವ ಹಾಲಕ್ಕಿ ಹೆಂಗಸು ವರ್ಷವಿಡೀ ಊರಿಗೆ ಸುಂಕ ಕೊಟ್ಟರೂ ಆ ಊರಿನ ಮತದಾರಳಲ್ಲ. ಎಲ್ಲ ವಯಸ್ಕರಿಗೂ ಮತ ಬಂದ ಮೇಲೂ ಅವಳ ಮತ ಅವಳ ಹಳ್ಳಿಯಲ್ಲಿ. ಪೇಟೆಯ ಸಭೆಯಲ್ಲಿ ಅವಳ ಪರವಾಗಿ ಕೈ ಎತ್ತುವ ಅಗತ್ಯ ಯಾರಿಗೂ ಬೀಳಲಿಲ್ಲ. ಇದು ಇವತ್ತಿಗೂ ಬದಲಾಗಿಲ್ಲ.

ಅಘನಾಶಿನಿ ದಂಡೆ:

ಬುಟ್ಟಿ ಹೊತ್ತು ಬರುವವರ ಇನ್ನೊಂದು ಖರ್ಚು ಮರೆಯಬೇಡಿ. ನಮ್ಮದು ಹೊಳೆಗಳ ಜಿಲ್ಲೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ. ಸೇತುವೆಗಳಿಲ್ಲದ ಕಾಲದಲ್ಲಿ ತಾರಿ ದೋಣಿಯಲ್ಲೇ ದಾಟಬೇಕು. ಮುಂಬಯಿ ಪ್ರಾಂತ್ಯದ ತಾರಿಗಳಿಗೆ 1868ರಲ್ಲಿ ಬೇರೆ ಕಾಯಿದೆಯೇ ಬಂತು, ತಾರಿಯ ಹಕ್ಕನ್ನೂ ಲಿಲಾವು ಮಾಡುತ್ತಿದ್ದರು. ಅಂದರೆ ಬಸಳೆ, ಹರಿವೆ, ಮೊಗೆಕಾಯಿ ಹೊತ್ತವಳು ಹೊಳೆ ದಾಟುವಾಗ ಒಬ್ಬ ಕಂತ್ರಾಟುದಾರನಿಗೆ ಕೊಟ್ಟು, ಸಂತೆಯಲ್ಲಿ ಮತ್ತೊಬ್ಬನಿಗೆ ಕೊಡಬೇಕು. ಸೊಪ್ಪು ಸಂಜೆಗೆ ಬಾಡುತ್ತದೆ. ಕೊನೆಯ ದೋಣಿ ತಪ್ಪಬಾರದು ಅಂತ ಸಿಕ್ಕಿದ ಬೆಲೆಗೆ ಕೊಟ್ಟು ಏಳುತ್ತಿದ್ದರು.

ಅಂಕೋಲೆಯ ಓದುಗ:

ಮಾರುವವರು ಮತ್ತು ಸರ್ಕಾರದ ಜಗಳ ಅಂದರೆ ನಮ್ಮ ಅಂಕೋಲೆಯ ಉಪ್ಪಿನ ಸತ್ಯಾಗ್ರಹವನ್ನು ಬಿಡುವುದು ಹೇಗೆ? 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಇಲ್ಲಿ ಉಪ್ಪು ಮಾಡಿದರು. ಗುಜರಾತಿನಲ್ಲಿ ಕರನಿರಾಕರಣೆಗೆ ಹೆಸರಾದ ಬಾರ್ಡೋಲಿಯ ಹಾಗೆ, ಅಂಕೋಲೆಗೆ ಕರ್ನಾಟಕದ ಬಾರ್ಡೋಲಿ ಅನ್ನುವ ಹೆಸರು ಬಂದದ್ದು ಸುಮ್ಮನಲ್ಲ. ಅಲ್ಲಿ ಉಪ್ಪು ಮಾಡಿದ್ದಷ್ಟೇ ಅಲ್ಲ, ತೆರಿಗೆ ಕೊಡದ ಉಪ್ಪನ್ನು ಮಾರುವುದೂ ಕೊಳ್ಳುವುದೂ ಕಾನೂನು ಮುರಿಯುವ ಕೆಲಸವೇ ಆಗಿತ್ತು. ಆಮೇಲಿನ ಕರನಿರಾಕರಣೆಯಲ್ಲಿ ಅಂಕೋಲಾ, ಸಿದ್ದಾಪುರ, ಶಿರಸಿ ಕಡೆ ಎಷ್ಟು ಮನೆಗಳು ಜಮೀನು ಕಳೆದುಕೊಂಡವು, ಎಲ್ಲರಿಗೂ ಗೊತ್ತು.

ಘಟ್ಟದ ಮೇಲಿನವ:

ಅದು ದೊಡ್ಡ ಸರ್ಕಾರದ ವಿರುದ್ಧ ನಡೆದ ಹೋರಾಟ ಮಾರಾಯ್ರೆ. ಇಲ್ಲಿ ಮಾತು ಊರಿನ ಮುನ್ಸಿಪಾಲಿಟಿದ್ದು. ಎರಡನ್ನೂ ಒಂದೇ ಮಾಡಿದರೆ ಎಳೆ ತಪ್ಪುತ್ತದೆ.

ಅಂಕೋಲೆಯ ಓದುಗ:

ತಪ್ಪುವುದಿಲ್ಲ ಅಂತ ನನ್ನ ವಾದ. ಉಪ್ಪಿನ ತೆರಿಗೆಯ ಪೆಟ್ಟು ನೇರ ಮೀನುಪೇಟೆಗೆ ಬೀಳುತ್ತಿತ್ತು. ಬಂಗಡೆ, ತಾರ್ಲೆ ಒಂದೇ ದಿನ ರಾಶಿ ಬಿದ್ದರೆ ಎಲ್ಲವನ್ನೂ ಹಸಿಯಾಗಿ ಮಾರಲು ಆಗುವುದಿಲ್ಲ. ಉಪ್ಪು ಹಾಕಿ ಒಣಗಿಸಬೇಕು. ಸಾಣಿಕಟ್ಟೆಯಂಥ ಉಪ್ಪಿನ ಆಗರ ಮೂಗಿನ ತುದಿಯಲ್ಲೇ ಇದ್ದರೂ ಉಪ್ಪಿನ ಮೇಲೆ ಸರ್ಕಾರದ ಕಣ್ಣು. 1923ರಲ್ಲಿ ಆ ತೆರಿಗೆಯನ್ನು ದುಪ್ಪಟ್ಟು ಮಾಡಿದ್ದರು, ಮರುವರ್ಷ ಇಳಿಸಬೇಕಾಯಿತು. ಪೂರ್ತಿ ಹೋದದ್ದು 1947ರಲ್ಲಿ. ಒಣಮೀನು ಮಾರುವವಳಿಗೆ ಡೆಲ್ಲಿಯ ತೆರಿಗೆ ಬೇರೆ, ಊರಿನ ಸುಂಕ ಬೇರೆ ಅಂತ ಇರಲಿಲ್ಲ. ಎರಡೂ ಅದೇ ಸೆರಗಿನ ಗಂಟಿನಿಂದಲೇ ಹೋಗಬೇಕಿತ್ತು.

ಇನ್ನೂ ಹಿಂದಕ್ಕೆ ಹೋದರೂ ಇದೇ ಕತೆ. ಕಂಪನಿ ಸರ್ಕಾರ ಕೆನರಾದಲ್ಲಿ ಉಪ್ಪು, ತಂಬಾಕಿನ ವ್ಯಾಪಾರವನ್ನು ತನ್ನ ಕೈಗೆ ತೆಗೆದುಕೊಂಡಿತ್ತು. ಅಂಗಡಿ, ಮಗ್ಗ, ಕಸುಬುಗಳ ಮೇಲೆ ಮೋತರ್ಫಾ ಅನ್ನುವ ತೆರಿಗೆ ಬೇರೆ. 1830-31ರ ಕೂಟಗಳಲ್ಲಿ ರೈತರು ಗುಂಪುಗೂಡಿ ಕಂದಾಯ ಕೊಡುವುದಿಲ್ಲ ಅಂದಾಗ, ಉಪ್ಪು ತಂಬಾಕಿನ ಸಂಕಟವೂ ಆ ಅರ್ಜಿಗಳ ಜೊತೆಗಿತ್ತು.

ಕೋಡಿಬಾಗದವ:

ಓದುಗರ ಮಾತು ನನಗೆ ಒಪ್ಪಿಗೆ. ಇದರ ಜೊತೆ ಕುಮಟೆಯನ್ನೂ ಸೇರಿಸಿ. ಅಮೆರಿಕದ ಅಂತರ್ಯುದ್ಧದ ಕಾಲ, 1861ರಿಂದ 1865. ಧಾರವಾಡ ಕಡೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಕ್ಕೆ ಬಂದು ಹಡಗು ಹತ್ತುತ್ತಿತ್ತು. ಲಿವರ್‌ಪೂಲ್ ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿ ಅಂತಲೇ ಹೆಸರು. ಬೆಲೆ ಏರಿದ ಹಾಗೆ ಕಲಬೆರಕೆಯ ದೂರೂ ಏರಿತು. 1863ರಲ್ಲಿ ಮುಂಬಯಿ ಸರ್ಕಾರ ಹತ್ತಿ ಕಲಬೆರಕೆ ತಡೆಯಲು ಕಾಯಿದೆ ಮಾಡಿ, ತಪಾಸಣೆಗೆ ಇನ್‌ಸ್ಪೆಕ್ಟರುಗಳನ್ನು ನೇಮಿಸಿತು. ವ್ಯಾಪಾರಿಗಳಿಗೆ ಅದು ಸುತರಾಂ ಇಷ್ಟವಾಗಲಿಲ್ಲ. ಕೊನೆಗೆ 1882ರಲ್ಲಿ ಆ ವ್ಯವಸ್ಥೆಯನ್ನೇ ತೆಗೆದರು.

ನೋಡಿ, ಹತ್ತಿ ವ್ಯಾಪಾರಿಗಳ ತಕರಾರು ಸರ್ಕಾರದ ಕಿವಿಗೆ ಬಿತ್ತು. ಅವರ ಹತ್ತಿರ ವಕೀಲರು, ಪತ್ರಿಕೆ, ಮುಂಬಯಿಯ ವರ್ತಕರ ಸಂಘವಾದ ಚೇಂಬರ್ ಇತ್ತು. ಅದೇ ಕುಮಟೆಯಲ್ಲಿ ಈರುಳ್ಳಿ ಹೆಣೆದು ಗೊಂಚಲು ಕಟ್ಟಿ ಮಾರುವವರ ತಕರಾರು ಯಾವ ಕಡತದಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ಸಣ್ಣವರು ಜಗಳ ಆಡಲಿಲ್ಲ ಅಂತ ಅದರ ಅರ್ಥವಲ್ಲ. ಅವರ ಜಗಳವನ್ನು ಯಾರೂ ಬರೆದಿಡಲಿಲ್ಲ. ನಮ್ಮ ಮನೆಗಳ ಹಿರಿಯರನ್ನು ಕೇಳಬೇಕು ಅನ್ನುವುದು ಇದಕ್ಕೇ.

ಸೋಂದಾ ದಾರಿ:

ಶಿರಸಿ ಕಡೆಯಿಂದ ನನ್ನದೊಂದು ಪಾಲು. ನಮ್ಮಲ್ಲಿ ದೊಡ್ಡ ವ್ಯಾಪಾರ ಅಡಿಕೆಯದ್ದು. ಅಲ್ಲಿ ಬೆಳೆಗಾರನ ಜಗಳ ಮುನ್ಸಿಪಾಲಿಟಿ ಜೊತೆಗಿಂತ ದಲಾಲರ ಜೊತೆ ಜಾಸ್ತಿ. ತೂಕದಲ್ಲಿ ಕಡಿತ, ಮುಂಗಡ ಸಾಲದ ಬಡ್ಡಿ, ದರ ಯಾರು ಹೇಳಿದರೆ ಅದೇ ದರ. ಅದಕ್ಕೇ 1923ರಲ್ಲಿ ತೋಟಗಾರರ ಸಹಕಾರಿ ಮಾರಾಟ ಸಂಘ, ನಾವೆಲ್ಲ ಟಿ.ಎಸ್.ಎಸ್. ಅನ್ನುವುದು, ಹುಟ್ಟಿತು. ಮುಂಬಯಿ ಪ್ರಾಂತ್ಯದಲ್ಲಿ 1939ರಲ್ಲಿ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯಿದೆ ಬಂತು, ಕರ್ನಾಟಕದ್ದು 1966ರಲ್ಲಿ. ಅಡಿಕೆಯವರು ಒಟ್ಟಾಗಿ ತಮ್ಮದೇ ಜಾಗ ಮಾಡಿಕೊಂಡರು. ತೋಟ ಇತ್ತು, ಓದು ಇತ್ತು, ಸಂಘ ಕಟ್ಟುವ ಧೈರ್ಯ ಬಂತು.

ಆದರೆ ಅದೇ ಶಿರಸಿಯಲ್ಲಿ ಬಳೆ, ಸೊಪ್ಪು, ಮಡಕೆ, ಜೇನು, ಕಾಡಿನ ಉಪ್ಪಾಗೆ, ವಾಟೆ ಮಾರುವವರಿಗೆ ಸಂಘ ಎಲ್ಲಿತ್ತು? ಮಾರಿಕಾಂಬೆ ಜಾತ್ರೆ ಎರಡು ವರ್ಷಕ್ಕೊಮ್ಮೆ. ಜಾತ್ರೆಯಲ್ಲಿ ಅಂಗಡಿ ಜಾಗಗಳನ್ನು ಹರಾಜು ಮಾಡುತ್ತಾರೆ. ದೊಡ್ಡವರು ಹಿಡಿದು ಸಣ್ಣವರಿಗೆ ತುಂಡು ಮಾಡಿ ಬಾಡಿಗೆಗೆ ಕೊಡುವುದು ಜಾತ್ರೆ, ಸಂತೆಗಳಲ್ಲಿ ಹೊಸತೇನಲ್ಲ. ಕೊನೆಯಲ್ಲಿ ಕೂತವನಿಗೆ ಮೂಲ ಬಾಡಿಗೆ ಎಷ್ಟು ಅನ್ನುವುದೇ ಗೊತ್ತಿರುವುದಿಲ್ಲ. ಕೋಡಿಬಾಗದವರು ಹೇಳಿದ ಜಾಗದ ಮಾತು ಇಲ್ಲಿಗೂ ಸರಿ ಹೊಂದುತ್ತದೆ. ಸಂಘ ಇದ್ದವರಿಗೆ ಅಂಗಳ ಸಿಕ್ಕಿತು, ಇಲ್ಲದವರು ಪ್ರತಿ ಸಲ ಹೊಸದಾಗಿ ಜಾಗ ಕೇಳಬೇಕಾಯಿತು.

ಅಘನಾಶಿನಿ ದಂಡೆ:

ತೂಕದ ಮಾತು ಬಂತು, ನಮ್ಮ ಅಜ್ಜ ಹೇಳುತ್ತಿದ್ದ ಎರಡು ಗಡಿಬಿಡಿ ಹೇಳುತ್ತೇನೆ. 1957ರ ಏಪ್ರಿಲ್‌ನಲ್ಲಿ ನಯಾ ಪೈಸೆ ಬಂತು. ಒಂದಾಣೆಗೆ ಆರೂಕಾಲು ಪೈಸೆ. ಕಾಲು ಪೈಸೆ ಎಲ್ಲಿಂದ ತರುವುದು? ಆಣೆಯ ಲೆಕ್ಕದಲ್ಲಿ ಬದುಕಿದವರಿಗೆ ಪ್ರತಿ ಚಿಲ್ಲರೆಯಲ್ಲೂ ಮೋಸ ಹೋದ ಹಾಗೆ ಅನ್ನಿಸುತ್ತಿತ್ತು. ಮರುವರ್ಷದಿಂದ ಕಿಲೋ ತೂಕ ಶುರುವಾಯಿತು, 1962ರ ಏಪ್ರಿಲ್ ಹೊತ್ತಿಗೆ ಕಡ್ಡಾಯ. ಸೇರು, ಪಾವು, ಕೊಳಗ ಇಟ್ಟುಕೊಂಡರೆ ತಪ್ಪು.

ಮೀನಿನವರಿಗೆ ಮಾತ್ರ ಇದು ತಾಗಲಿಲ್ಲ. ಅವರು ಅಳೆಯುವುದೇ ಇಲ್ಲವಲ್ಲ. ದೊಡ್ಡದಾದರೆ ಎಣಿಕೆ, ಸಣ್ಣದಾದರೆ ಪಾಲು ಹಾಕಿ ಮಾರುವುದು. ಪಾಲಿನ ಮೇಲೆ ಎರಡು ಮೀನು ಕೊಸರು ಹಾಕಿದರೆ ಗಿರಾಕಿ ಖುಷಿ.

ಬೇಲೆಕೇರಿ ಹುಡುಗಿ:

ಹೌದು! ಶೆಟ್ಲಿಗೆ, ಅಂದರೆ ಸಿಗಡಿಗೆ ಮಾತ್ರ ಬಟ್ಟಲು. ಆ ಬಟ್ಟಲಿನ ತಳ ಒಳಗೆ ಬಗ್ಗಿದೆ ಅಂತ ಗಿರಾಕಿಗಳು ಜಗಳ ಆಡುತ್ತಿದ್ದರು. ಆಯಿ ಒಂದು ಮುಷ್ಟಿ ಮೇಲೆ ಹಾಕಿ ಬಾಯಿ ಮುಚ್ಚಿಸುತ್ತಿದ್ದಳು.

ಹಬ್ಬುವಾಡ ರಸ್ತೆ:

ಕಾರವಾರದ ಭಾನುವಾರದ ಸಂತೆ ನೋಡಿದವರಿಗೆ ಈ ಚರ್ಚೆ ಬೇಗ ಅರ್ಥವಾಗುತ್ತದೆ. ರಸ್ತೆಯ ಎರಡೂ ಬದಿ, ಘಟ್ಟದ ಮೇಲಿನ ತರಕಾರಿಯವರು ಒಂದು ಕಡೆ, ನಮ್ಮ ಸುತ್ತಿನ ಹಳ್ಳಿಯ ಸೊಪ್ಪು, ಗೆಣಸು, ಕಾಡು ಹಣ್ಣು ಇನ್ನೊಂದು ಕಡೆ. ಬೇಸಿಗೆಯಲ್ಲಿ ಅಂಕೋಲೆ ಕಡೆಯ ಕರಿ ಇಶಾಡ ಮಾವು. ನನಗೆ ಒಂದು ಪ್ರಶ್ನೆ. ರಸ್ತೆಯಲ್ಲಿ ನಡೆಯುವವರಿಗೂ ಹಕ್ಕಿಲ್ಲವೇ? ಅಂಬ್ಯುಲೆನ್ಸ್ ಬಂದರೆ ಏನು ಗತಿ? ಹಳೆಯ ಕಾಲದ ಜಗಳದಲ್ಲಿ ಮಾರುವವರ ಪರ ಮಾತ್ರ ಮಾತಾಡುವುದು ಸರಿಯಾ? ಬಾಡಿಗೆ, ಲೈಸೆನ್ಸು, ಕರೆಂಟು ಬಿಲ್ಲು ಕಟ್ಟಿ ಅಂಗಡಿ ಇಟ್ಟವರೂ ಇದ್ದಾರೆ. ಅವರ ಬಾಗಿಲಿಗೆ ಅಡ್ಡ ಕೂತರೆ ಅವರು ಯಾರ ಹತ್ತಿರ ಹೇಳಬೇಕು?

ವಕೀಲಿ ಓದು:

ಹಬ್ಬುವಾಡದವರ ಪ್ರಶ್ನೆಯನ್ನೇ ಸುಪ್ರೀಂ ಕೋರ್ಟೂ ಎದುರಿಸಿತ್ತು. 1989ರ ಸೋದನ್ ಸಿಂಗ್ ಪ್ರಕರಣದಲ್ಲಿ ಬೀದಿ ವ್ಯಾಪಾರವೂ ಸಂವಿಧಾನ ಕೊಟ್ಟ ವೃತ್ತಿಯ ಹಕ್ಕಿನೊಳಗೆ ಬರುತ್ತದೆ ಅಂತ ಹೇಳಿತು. ಆದರೆ ರಸ್ತೆಯಲ್ಲಿ ಇಂಥದ್ದೇ ಜಾಗ ನನಗೆ ಬೇಕು ಅಂತ ಕೇಳುವ ಹಕ್ಕಿಲ್ಲ, ಸ್ಥಳೀಯ ಆಡಳಿತ ಕಟ್ಟುಪಾಡು ಹಾಕಬಹುದು ಅಂತಲೂ ಹೇಳಿತು. ಅಂದರೆ ಕಸುಬಿಗೆ ರಕ್ಷಣೆ ಸಿಕ್ಕಿತು, ಜಾಗಕ್ಕೆ ಸಿಗಲಿಲ್ಲ. ಕೋಡಿಬಾಗದವರು ಮೊದಲಿಗೇ ಹೇಳಿದ ಸಮಸ್ಯೆ ಹಾಗೇ ಉಳಿಯಿತು.

ಅದಕ್ಕೆ ಸ್ವಲ್ಪ ಉತ್ತರ ಸಿಕ್ಕಿದ್ದು 2014ರ ಬೀದಿ ವ್ಯಾಪಾರಿಗಳ ಕಾಯಿದೆಯಲ್ಲಿ. ಇಲ್ಲಿ ಬಂದ ಕತೆಗಳಿಗೆ ಹೊಂದುವಷ್ಟನ್ನು ಹೇಳುತ್ತೇನೆ. ಎಬ್ಬಿಸುವ ಮುಂಚೆ 30 ದಿನದ ನೋಟಿಸು ಕೊಡಬೇಕು. ಸಾಮಾನು ಜಪ್ತಿ ಮಾಡಿದರೆ ಪಟ್ಟಿ ಕೊಡಬೇಕು. ಕೊಳೆಯುವ ಸಾಮಾನನ್ನು, ಮೀನು, ಹಣ್ಣು, ಸೊಪ್ಪು ಇಂಥದ್ದನ್ನು, ವ್ಯಾಪಾರಿ ಕೇಳಿದ ದಿನವೇ ಬಿಡಬೇಕು. ಉಳಿದದ್ದನ್ನು ಎರಡು ಕೆಲಸದ ದಿನದೊಳಗೆ. ಬೇಲೆಕೇರಿಯ ಅಕ್ಕನ ಆಯಿಯ ಕಾಲದಲ್ಲಿ ಇದು ಇದ್ದಿದ್ದರೆ ಆ ಹೆಡಿಗೆ ಅಂದೇ ವಾಪಸ್ ಬರಬೇಕಿತ್ತು. ಊರಿನ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ 40 ಶೇಕಡಾ ಬೀದಿ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಪಾಲು ಹೆಂಗಸರು. ಪಕ್ಕದ ಹಳ್ಳಿಯವಳಿಗೆ ಪೇಟೆಯಲ್ಲಿ ಮತ ಇಲ್ಲ ಅಂದಿರಲ್ಲ, ಈ ಸಮಿತಿಗೆ ಬರಲು ಅವಳಿಗೆ ದಾರಿ ಇದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದು. ಬೀದಿ ವ್ಯಾಪಾರಿಗಳು 50 ವರ್ಷಕ್ಕಿಂತ ಹೆಚ್ಚು ಕಾಲದಿಂದ ವ್ಯಾಪಾರ ಮಾಡುತ್ತಿರುವ ಸಹಜ ಮಾರುಕಟ್ಟೆಯನ್ನು ಪಾರಂಪರಿಕ ಮಾರುಕಟ್ಟೆ ಅಂತ ಘೋಷಿಸಬೇಕು, ಅಲ್ಲಿನವರನ್ನು ಬೇರೆಡೆಗೆ ಕಳಿಸಬಾರದು ಅಂತ ಕಾಯಿದೆಯಲ್ಲೇ ಇದೆ. ಅದನ್ನು ಕೇಳಲು 50 ವರ್ಷದ ಹಳೆತನ ತೋರಿಸಬೇಕು. ಎಷ್ಟು ಸಂತೆಗಳ ಹತ್ತಿರ ಕಾಗದ ಇದೆ?

ಘಟ್ಟದ ಮೇಲಿನವ:

ಅಲ್ಲಿಗೆ ಈ ಹಳೆ ಪಾವತಿಗಳು ಕಸವಲ್ಲ ಅಂತಾಯಿತು.

ನಿವೃತ್ತ ಕಾರಕೂನ:

ವಕೀಲರು ಹೇಳಿದ್ದಕ್ಕೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ಮುನ್ಸಿಪಾಲಿಟಿ ಕಟ್ಟಿದ ಮೀನುಪೇಟೆಯ ಒಳಗೆ ಬಾಡಿಗೆಗೆ ಇರುವವರು ಬೀದಿ ವ್ಯಾಪಾರಿಗಳ ಲೆಕ್ಕಕ್ಕೆ ಬರುತ್ತಾರೆ ಅಂತ ಹೇಳುವುದು ಕಷ್ಟ. ಅವರದ್ದು ಬಾಡಿಗೆ ಕರಾರು. ರಸ್ತೆ ಬದಿಯ, ವಾರದ ಸಂತೆಯ ಮಂದಿಗೆ ಈ ಕಾಯಿದೆ ನೇರ ಹೊಂದುತ್ತದೆ. ಎರಡನ್ನೂ ಒಂದೇ ಅರ್ಜಿಯಲ್ಲಿ ಕಲಸಿದರೆ ಕಚೇರಿಯವರು ಪೂರ್ತಿ ಅರ್ಜಿಯನ್ನೇ ತಿರುಗಿಸಿ ಕಳಿಸುತ್ತಾರೆ.

ಇನ್ನು ಕಾಗದದ ಮಾತು. ಚಿಲ್ಲರೆ ಪಾವತಿ ಯಾರ ಮನೆಯಲ್ಲೂ 50 ವರ್ಷ ಉಳಿಯುವುದಿಲ್ಲ, ಮಳೆಗೆ ಕರಗುತ್ತದೆ, ಗೆದ್ದಲು ತಿನ್ನುತ್ತದೆ. ಆದರೆ ಕಚೇರಿಯಲ್ಲಿ ಬೇರೆ ಕಡೆ ಗುರುತು ಇರುತ್ತದೆ. ಸಾಮಾನ್ಯ ಸಭೆಯ ಠರಾವು ಪುಸ್ತಕ ನೋಡಿ. ಲಿಲಾವು ಮಂಜೂರು ಮಾಡುವ ಠರಾವು ಪ್ರತಿ ವರ್ಷ ಆಗಲೇಬೇಕು. ಅದರಲ್ಲಿ ಎಲ್ಲಿಯ ಸಂತೆ, ಯಾವ ವಾರ, ಯಾವ ದರ ಅಂತ ಬರೆದಿರುತ್ತಾರೆ. ಹೆಡಿಗೆಗೆ ಇಷ್ಟು, ತಲೆಹೊರೆಗೆ ಇಷ್ಟು, ಬಂಡಿಗೆ ಇಷ್ಟು. ಸುಂಕ ವಸೂಲಿಗೆ ಠರಾವು ಮಾಡಿದ್ದೀರಿ ಅಂದರೆ ಆ ಜಾಗದಲ್ಲಿ ಸಂತೆ ಇತ್ತು ಅಂತ ನೀವೇ ಒಪ್ಪಿದ ಹಾಗೆ. ಇದಕ್ಕಿಂತ ಒಳ್ಳೆಯ ಪುರಾವೆ ಬೇಡ.

ಕೋಡಿಬಾಗದವ:

ಸಾಹೇಬರೇ, ಇದು ನನಗೆ ಹೊಳೆದಿರಲೇ ಇಲ್ಲ. ಯಾವ ಲಿಲಾವಿನಿಂದ ಇಷ್ಟು ಕಷ್ಟ ಆಯಿತೋ ಅದೇ ಈಗ ಅವರ ಪರ ಸಾಕ್ಷಿ ಹೇಳಬಹುದು. 1956ರ ನವೆಂಬರ್‌ಗಿಂತ ಹಿಂದಿನ ಕಾಗದಗಳು ಬೇಕಾದರೆ? ಆಗ ನಾವು ಮುಂಬಯಿ ರಾಜ್ಯದಲ್ಲಿ ಇದ್ದೆವಲ್ಲ.

ನಿವೃತ್ತ ಕಾರಕೂನ:

ಮೊದಲು ಆಯಾ ಊರಿನ ನಗರಸಭೆ, ಪುರಸಭೆಯ ದಫ್ತರದಲ್ಲೇ ಕೇಳಬೇಕು. ಮಾಹಿತಿ ಹಕ್ಕಿನ ಅರ್ಜಿಯಲ್ಲಿ "ಸಂತೆಯ ಎಲ್ಲ ಮಾಹಿತಿ" ಅಂತ ಬರೆಯಬೇಡಿ, ಏನೂ ಸಿಗುವುದಿಲ್ಲ. ಇಂಥ ವರ್ಷದಿಂದ ಇಂಥ ವರ್ಷದ ತನಕ ಸಂತೆ ಸುಂಕ ವಸೂಲಿ ಲಿಲಾವಿನ ಠರಾವಿನ ನಕಲು ಅಂತ ಕೇಳಿ. ಐದು ಐದು ವರ್ಷ ತುಂಡು ಮಾಡಿ ಕೇಳಿದರೆ ಹುಡುಕುವವರಿಗೂ ಸುಲಭ. ದಫ್ತರದಲ್ಲೇ ಕೂತು ನೋಡಲು ಅವಕಾಶ ಕೊಡಿ ಅಂತಲೂ ಕೇಳಬಹುದು. ಮುಂಬಯಿ ಪ್ರಾಂತ್ಯದ ಕಾಲದ ಸರ್ಕಾರಿ ಪತ್ರವ್ಯವಹಾರ ಮುಂಬಯಿಯ ಮಹಾರಾಷ್ಟ್ರ ರಾಜ್ಯ ಪತ್ರಾಗಾರದಲ್ಲಿ ನೋಡಬೇಕು. ಅಲ್ಲಿ ಇಂಗ್ಲಿಷ್ ಜೊತೆ ಮರಾಠಿ ಕಾಗದಗಳೂ ಇರುತ್ತವೆ, ಮರಾಠಿಯ ಹಳೆ ಮೋಡಿ ಲಿಪಿ ಓದುವವರು ಜೊತೆಗಿದ್ದರೆ ಒಳ್ಳೆಯದು.

ಸೋಂದಾ ದಾರಿ:

ಮೋಡಿ ಓದಬಲ್ಲ ಹಿರಿಯರೊಬ್ಬರು ನನಗೆ ಗೊತ್ತು. ಕೇಳಿ ನೋಡುತ್ತೇನೆ. ಶಿರಸಿಯ ಠರಾವು ಪುಸ್ತಕದ ಅರ್ಜಿಯನ್ನು ನಾನು ಹಾಕುತ್ತೇನೆ.

ಹಬ್ಬುವಾಡ ರಸ್ತೆ:

ರಸ್ತೆಯಲ್ಲಿ ನಡೆಯುವವರ ಪ್ರಶ್ನೆಯನ್ನು ನಾನು ಬಿಟ್ಟಿಲ್ಲ. ಆದರೆ ಸಂತೆ ಎಷ್ಟು ಹಳೆಯದು ಅನ್ನುವುದು ಕಾಗದದಲ್ಲಿ ಸಿಕ್ಕಿದರೆ ಜಾಗದ ಗೆರೆ ಹಾಕುವುದೂ ಸುಲಭ, ಆಂಬ್ಯುಲೆನ್ಸಿಗೆ ದಾರಿ ಬಿಡಿಸುವುದೂ ಸುಲಭ. ಕಾರವಾರದ ಅರ್ಜಿ ನಾನು ಹಾಕುತ್ತೇನೆ. 1964ರ ಪುರಸಭೆಗಳ ಕಾಯಿದೆ ಬಂದ ವರ್ಷದಿಂದ ಕೇಳಲಾ, ಅದಕ್ಕಿಂತ ಹಿಂದಿನಿಂದಲಾ?

ನಿವೃತ್ತ ಕಾರಕೂನ:

1964ರಿಂದ ಶುರು ಮಾಡಿ. ನಿಮಗೆ ಬೇಕಾದ 50 ವರ್ಷ ಅದರಲ್ಲೇ ಆಗುತ್ತದೆ. ಹಿಂದಿನದ್ದು ಆಮೇಲೆ ನೋಡೋಣ.

ಬೇಲೆಕೇರಿ ಹುಡುಗಿ:

ಆಯಿಯ ಡಬ್ಬಿಯಲ್ಲಿ ಪಾವತಿ ಪುಸ್ತಕದ ಎರಡು ಹಾಳೆ ಇವೆ. ವರ್ಷ ಅಳಿಸಿದೆ, ಆದರೆ ಕಂತ್ರಾಟುದಾರನ ಶಿಕ್ಕಾ ಕಾಣುತ್ತದೆ. ಆ ಶಿಕ್ಕಾ ಯಾವ ವರ್ಷದ್ದು ಅಂತ ಠರಾವು ಪುಸ್ತಕದಿಂದ ಗೊತ್ತಾಗುತ್ತದಾ ಸಾಹೇಬರೇ?

ನಿವೃತ್ತ ಕಾರಕೂನ:

ಆಗುತ್ತದೆ ತಂಗಿ. ಲಿಲಾವು ಯಾರಿಗೆ ಹೋಯಿತು ಅಂತ ಠರಾವಿನಲ್ಲಿ ಹೆಸರು ಇರುತ್ತದೆ. ಶಿಕ್ಕಾದ ಹೆಸರಿಗೆ ಹೊಂದಿಸಿ ನೋಡು. ಹಾಳೆಗಳನ್ನು ಲ್ಯಾಮಿನೇಷನ್ ಮಾತ್ರ ಮಾಡಿಸಬೇಡ, ಶಾಯಿ ಹೋಗುತ್ತದೆ. ಮೊದಲು ಫೋಟೊ ತೆಗೆದಿಡು.